ಹೊಸ ಸ್ಮಾರ್ಟ್‌ವಾಚ್ ಬಂದಿದೆ, ದಿನಾ ಉಪಯೋಗಕ್ಕೆ ಬರುವ ಆ್ಯಪ್ ಯಾವವು ಹೇಳ್ರೀ

ನವನಗರ ಟೇಲರ್, ಬಾಗಲಕೋಟೆ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ನವನಗರದಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಪುಣೆಯಲ್ಲಿ ಕೆಲಸ ಮಾಡುವ ಮಗಳು ಹೋದ ವಾರ ಬಂದಿದ್ದಳು. ಬರುವಾಗ ಒಂದು ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ ತಂದು ನನ್ನ ಕೈಗೆ ಕಟ್ಟಿದಳು. ನನ್ನ ಫೋನ್ ಆಂಡ್ರಾಯ್ಡ್, ಆದರೆ ಬೇರೆ ಕಂಪನಿಯದು. ಎರಡನ್ನೂ ಜೋಡಿಸಿ ಕೊಟ್ಟು ಹೋಗಿದ್ದಾಳೆ.

ಮಷೀನ್ ಮುಂದೆ ಕೂತರೆ ನನ್ನ ಎರಡೂ ಕೈ ಬಟ್ಟೆ ಮೇಲೆ ಇರುತ್ತವೆ. ಫೋನ್ ಎಲ್ಲೋ ಅರಿವೆ ರಾಶಿಯ ಅಡಿಯಲ್ಲಿ ಇರುತ್ತದೆ. ಗಿರಾಕಿ ನಾಲ್ಕು ಸಲ ಫೋನ್ ಮಾಡಿ, ಆಮೇಲೆ ಮನೆಗೇ ಬಂದು "ಫೋನ್ ಯಾಕೆ ಎತ್ತಲಿಲ್ಲ" ಎಂದು ಕೇಳುತ್ತಾರೆ. ಅವ್ವನಿಗೆ ಸಕ್ಕರೆ ಕಾಯಿಲೆ, ಮೂರು ಹೊತ್ತೂ ಮಾತ್ರೆ ಇದೆ. ಮಗನ ಸ್ಕೂಲ್ ವ್ಯಾನ್ ಸಂಜೆ 4:20ಕ್ಕೆ ಕಾರ್ನರ್‌ಗೆ ಬರುತ್ತದೆ. ಹೊಲಿಗೆಯಲ್ಲಿ ಮುಳುಗಿದರೆ ಇವೆರಡೂ ತಡವಾಗಿಯೇ ನೆನಪಾಗುತ್ತವೆ. ಈ ವಾಚ್‌ನಿಂದ ಇಷ್ಟಾದರೂ ಸರಿಹೋದರೆ ನನಗೆ ದೊಡ್ಡ ಉಪಕಾರ.

ಒಂದು ವಿಡಿಯೋ ನೋಡಿ 18 ಆ್ಯಪ್ ಹಾಕಿದೆ. ಈಗ ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದರೂ ಸಂಜೆ ಐದಕ್ಕೆಲ್ಲ ವಾಚ್ ಆಫ್ ಆಗುತ್ತಿದೆ. ಯಾವುದು ಇಟ್ಟುಕೊಳ್ಳಲಿ, ಯಾವುದು ತೆಗೆಯಲಿ?

---

ಕ್ಯಾಂಪ್ ಮೊಬೈಲ್ ರಿಪೇರಿ, ಬೆಳಗಾವಿ
ಸೋಮವಾರ, ರಾತ್ರಿ 10:15

ಅಕ್ಕಾರ, ಮೊದಲು ಸಮಾಧಾನ ಮಾಡಿಕೊಳ್ಳಿ, ವಾಚ್ ಕೆಟ್ಟಿಲ್ಲ. ಆ 18ರಲ್ಲಿ ಹೆಚ್ಚಿನವನ್ನು ತೆಗೆದುಹಾಕಿದರೆ ಬ್ಯಾಟರಿ ತಾನಾಗಿಯೇ ದಾರಿಗೆ ಬರುತ್ತದೆ.

ಈ ಪ್ರಶ್ನೆ ಅಂಗಡಿಯಲ್ಲಿ ದಿನಾ ಬರುತ್ತದೆ, ಹಾಗಾಗಿ ಬೇರೆಯವರಿಗೂ ಅನುಕೂಲ ಆಗಲಿ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸ್ಮಾರ್ಟ್‌ವಾಚ್ ಎಂದು ಮಾರುವ ಎಲ್ಲದಕ್ಕೂ ಆ್ಯಪ್ ಹಾಕಲು ಬರುವುದಿಲ್ಲ. ಕಡಿಮೆ ಬೆಲೆಯ ವಾಚ್‌ಗಳಲ್ಲಿ ಹೆಚ್ಚಿನವು ಕಂಪನಿ ಕೊಟ್ಟಷ್ಟೇ ಕೆಲಸ ಮಾಡುತ್ತವೆ. ಮುಖ, ಅಂದರೆ ಗಂಟೆ ತೋರಿಸುವ ಪರದೆಯ ಚಿತ್ರ, ಬದಲಾಯಿಸಬಹುದು, ಬ್ಲೂಟೂತ್‌ನಲ್ಲಿ ಮಾತಾಡಬಹುದು, ಅಷ್ಟೇ. ಅವುಗಳ ಬ್ಯಾಟರಿ ಮಾತ್ರ ವಾರಗಟ್ಟಲೆ ಬರುತ್ತದೆ. ಪ್ಲೇ ಸ್ಟೋರ್‌ನಿಂದ ಆ್ಯಪ್ ಹಾಕಬೇಕೆಂದರೆ ಗೂಗಲ್‌ನ ವೇರ್ ಓಎಸ್, ಅಂದರೆ ವಾಚ್ ನಡೆಸುವ ಸಾಫ್ಟ್‌ವೇರ್, ಇರುವ ವಾಚ್ ಬೇಕು. 2014ರಲ್ಲಿ ಅದು ಆಂಡ್ರಾಯ್ಡ್ ವೇರ್ ಎಂಬ ಹೆಸರಲ್ಲಿ ಬಂತು, 2018ರಲ್ಲಿ ಹೆಸರು ಬದಲಾಯಿತು. ಗ್ಯಾಲಕ್ಸಿ ವಾಚ್‌ಗೆ ಅದು 2021ರಲ್ಲಿ ಬಂತು. ನಿಮ್ಮದು ಆ ಸಾಲಿನದು. ಇಂಥ ಗ್ಯಾಲಕ್ಸಿ ವಾಚ್ ಐಫೋನ್‌ಗೆ ಕೂಡುವುದಿಲ್ಲ. ಆಪಲ್ ವಾಚ್ ಐಫೋನ್ ಬಿಟ್ಟರೆ ಬೇರೆಯದಕ್ಕೆ ಕೂಡುವುದಿಲ್ಲ. ಇದು ಗೊತ್ತಿಲ್ಲದೆ ಉಡುಗೊರೆ ಕೊಟ್ಟು ಬೇಜಾರು ಮಾಡಿಕೊಂಡವರನ್ನು ಎಷ್ಟೋ ಜನರನ್ನು ನೋಡಿದ್ದೇನೆ.

ಈಗ ನಿಮ್ಮ ವಿಷಯ. ಒಂದು ಆ್ಯಪ್ ವಾಚ್‌ನಲ್ಲಿ ಇರಬೇಕೋ ಬೇಡವೋ ಎಂದು ನಾನು ನೋಡುವುದು ಹೀಗೆ: ಕೈ ಎತ್ತಿ, ನೋಡಿ, ಇಳಿಸುವಷ್ಟರಲ್ಲಿ ಕೆಲಸ ಮುಗಿಯಬೇಕು. ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದರೆ ಅದು ಫೋನ್‌ನಲ್ಲೇ ಇರಲಿ.

ಇವತ್ತೇ ಒಂದು ಮಾಡಿ. ಪರದೆಯನ್ನು ಮೇಲಿಂದ ಕೆಳಗೆ ಎಳೆದರೆ ಸಣ್ಣ ಬಟನ್‌ಗಳು ಬರುತ್ತವೆ. ಅಲ್ಲಿ ಫೋನ್ ಹುಡುಕುವ ಬಟನ್ ಇದೆಯಾ ನೋಡಿ. ಇಲ್ಲದಿದ್ದರೆ ಅದೇ ಜಾಗಕ್ಕೆ ಸೇರಿಸಿಕೊಳ್ಳಿ. ಒತ್ತಿದರೆ ಫೋನ್ ಸೈಲೆಂಟ್‌ನಲ್ಲಿದ್ದರೂ ಕೂಗುತ್ತದೆ. ಅರಿವೆ ರಾಶಿಯ ಚಿಂತೆ ಅಲ್ಲಿಗೆ ತೀರಿತು.

---

ವಿದ್ಯಾಗಿರಿ ಸ್ಟೂಡೆಂಟ್, ಬಾಗಲಕೋಟೆ
ಸೋಮವಾರ, ರಾತ್ರಿ 10:50

ಅಕ್ಕಾರ, ಅಷ್ಟು ದುಡ್ಡಿನ ವಾಚ್‌ನಲ್ಲಿ ನಾಲ್ಕೇ ಆ್ಯಪ್ ಇಟ್ಟರೆ ಹೇಗೆ? ನನ್ನದರಲ್ಲಿ ಬ್ರೌಸರ್ ಇದೆ, ಕ್ಯಾಲ್ಕುಲೇಟರ್ ಇದೆ, ಎರಡು ಆಟ ಇವೆ. ಹಾಡು ಡೌನ್‌ಲೋಡ್ ಮಾಡಿಟ್ಟು, ಫೋನ್ ರೂಮಲ್ಲೇ ಬಿಟ್ಟು, ಬ್ಲೂಟೂತ್ ಇಯರ್‌ಫೋನ್ ಹಾಕಿ ಓಡಲು ಹೋಗುತ್ತೇನೆ. ಹಾಡು ಹಾಗೆ ವಾಚ್‌ಗೆ ಇಳಿಸಬೇಕೆಂದರೆ ಯೂಟ್ಯೂಬ್ ಮ್ಯೂಸಿಕ್ ಅಥವಾ ಸ್ಪಾಟಿಫೈನಲ್ಲಿ ದುಡ್ಡು ಕೊಟ್ಟ ಖಾತೆ ಬೇಕು, ಅದೊಂದು ಗೊತ್ತಿರಲಿ.

ಕ್ಯಾಮೆರಾ ರಿಮೋಟ್ ಬಹಳ ಚೆನ್ನಾಗಿದೆ. ಹೋದ ತಿಂಗಳು ಪಟ್ಟದಕಲ್ಲಿಗೆ ಹೋದಾಗ ಫೋನನ್ನು ಕಟ್ಟೆ ಮೇಲೆ ನಿಲ್ಲಿಸಿ, ಎಲ್ಲರೂ ನಿಂತ ಮೇಲೆ ವಾಚ್‌ನಿಂದ ಫೋಟೋ ತೆಗೆದೆವು. ಫೋನೂ ವಾಚೂ ಒಂದೇ ಕಂಪನಿಯದಾದರೆ ಇದು ಸುಲಭ.

---

ಕ್ಯಾಂಪ್ ಮೊಬೈಲ್ ರಿಪೇರಿ, ಬೆಳಗಾವಿ
ಸೋಮವಾರ, ರಾತ್ರಿ 11:05

ತಮ್ಮಾ, ಓಡುವಾಗ ಹಾಡು ಸರಿ, ಕ್ಯಾಮೆರಾನೂ ಸರಿ. ಅದು ನಿನ್ನ ದಿನಕ್ಕೆ ಹೊಂದುತ್ತದೆ. ಅಕ್ಕಾರ ಮಷೀನ್ ಮುಂದೆ ಕೂತು ವಾಚ್‌ನಲ್ಲಿ ಬ್ರೌಸರ್ ತೆರೆಯುವುದಿಲ್ಲ, ಅಲ್ವಾ? ಒಂದೂಕಾಲು ಇಂಚಿನ ಪರದೆಯಲ್ಲಿ ಯಾರೂ ಏನೂ ಓದುವುದಿಲ್ಲ. ಅವರ ದಿನ ಹೇಗಿದೆ ಎಂದು ನೋಡಿ ಹೇಳೋಣ.

---

ಬನಹಟ್ಟಿ ಮಗ್ಗ, ಬಾಗಲಕೋಟೆ ಜಿಲ್ಲೆ
ಮಂಗಳವಾರ, ಬೆಳಿಗ್ಗೆ 6:30

ನನ್ನ ವಾಚ್ ಸಣ್ಣದು, ಅದಕ್ಕೆ ಆ್ಯಪ್ ಬರುವುದಿಲ್ಲ. ಆದರೂ ಅದಿಲ್ಲದೆ ಮಗ್ಗದ ಶೆಡ್ಡಿಗೆ ಕಾಲಿಡುವುದಿಲ್ಲ. ಪವರ್‌ಲೂಮ್ ಶುರು ಆದರೆ ಪಕ್ಕದವನ ಮಾತೇ ಕೇಳುವುದಿಲ್ಲ, ಇನ್ನು ಫೋನ್ ರಿಂಗ್ ಎಲ್ಲಿಂದ ಕೇಳಬೇಕು? ಕೈಯಲ್ಲಿ ಗುಂಯ್ ಎಂದರೆ ಸಾಕು, ಮಗ್ಗ ನಿಲ್ಲಿಸಿ ಹೊರಗೆ ಬಂದು ಮಾತಾಡುತ್ತೇನೆ. ಮೊದಲು ನೂಲಿನ ವ್ಯಾಪಾರಿಯ ಫೋನ್ ತಪ್ಪಿ ಎರಡು ದಿನ ಮಗ್ಗ ಖಾಲಿ ನಿಂತಿತ್ತು.

ಅಕ್ಕಾರ, ನೋಟಿಫಿಕೇಶನ್ ಎಲ್ಲದಕ್ಕೂ ಬಿಡಬೇಡಿ. ಫೋನಿನ ವಾಚ್ ಆ್ಯಪ್‌ನಲ್ಲಿ ಯಾವುದು ಕೈಗೆ ಬರಬೇಕು ಎಂದು ಆರಿಸಲು ಬರುತ್ತದೆ. ನಾನು ಕಾಲ್, ಎಸ್‌ಎಂಎಸ್, ವಾಟ್ಸಾಪ್ ಮೂರೇ ಇಟ್ಟಿದ್ದೇನೆ. ವಾಟ್ಸಾಪ್‌ನಲ್ಲೂ ದೊಡ್ಡ ದೊಡ್ಡ ಗ್ರೂಪ್‌ಗಳನ್ನೆಲ್ಲ ಮ್ಯೂಟ್ ಮಾಡಿದ್ದೇನೆ. ಮೊದಲ ವಾರ ಹಬ್ಬದ ಶುಭಾಶಯ, ಗುಡ್ ಮಾರ್ನಿಂಗ್ ಎಲ್ಲ ಕೈಗೆ ಬಂದು ತಲೆ ಕೆಟ್ಟಿತ್ತು.

ನನ್ನ ದುಃಖ ಒಂದೇ. ಕನ್ನಡದಲ್ಲಿ ಮೆಸೇಜ್ ಬಂದರೆ ಚೌಕ ಚೌಕ ಕಾಣುತ್ತದೆ. ಮರಾಠಿ ವ್ಯಾಪಾರಿ ಕಳಿಸಿದ್ದು ಚೆನ್ನಾಗಿ ಓದಲು ಬರುತ್ತದೆ, ನನ್ನ ಹೆಂಡತಿ ಕನ್ನಡದಲ್ಲಿ ಬರೆದದ್ದು ಬರುವುದಿಲ್ಲ. ಕಂಪನಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ.

---

ಕ್ಯಾಂಪ್ ಮೊಬೈಲ್ ರಿಪೇರಿ, ಬೆಳಗಾವಿ
ಮಂಗಳವಾರ, ಬೆಳಿಗ್ಗೆ 9:10

ಅಣ್ಣಾರ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆ ವಾಚ್‌ನಲ್ಲಿ ದೇವನಾಗರಿ ಅಕ್ಷರ ತುಂಬಿರುತ್ತಾರೆ, ಕನ್ನಡ ಬಿಟ್ಟಿರುತ್ತಾರೆ. ಆಂಡ್ರಾಯ್ಡ್ ಮೇಲೆ ಕಟ್ಟಿದ ವೇರ್ ಓಎಸ್‌ನಲ್ಲಿ ಈ ತೊಂದರೆ ಇಲ್ಲ, ಒತ್ತಕ್ಷರ ಸಮೇತ ಸರಿಯಾಗಿ ಬರುತ್ತದೆ. ಹೊಸದಾಗಿ ಕೊಳ್ಳುವವರಿಗೆ ಕೈಮುಗಿದು ಹೇಳುತ್ತೇನೆ: ಅಂಗಡಿಯಲ್ಲೇ ವಾಚನ್ನು ಫೋನ್‌ಗೆ ಜೋಡಿಸಿ, ಮನೆಯವರಿಂದ ಒಂದು ಕನ್ನಡ ಮೆಸೇಜ್ ಕಳಿಸಲು ಹೇಳಿ. "ಶ್ರೀಕೃಷ್ಣ, ಅಕ್ಕಿ, ಸಜ್ಜಿ ರೊಟ್ಟಿ" ಎಂದು ಬರೆದು ಕಳಿಸಲಿ. ಕಣ್ಣಿಗೆ ಸರಿ ಕಂಡರೆ ಮಾತ್ರ ದುಡ್ಡು ಕೊಡಿ. ಡಬ್ಬಿಯ ಮೇಲೆ ಇದು ಬರೆದಿರುವುದಿಲ್ಲ. ನಾವು ಕೇಳದಿದ್ದರೆ ಅವರೂ ಹಾಕುವುದಿಲ್ಲ.

---

ತಿಕೋಟಾ ದ್ರಾಕ್ಷಿ, ವಿಜಯಪುರ ಜಿಲ್ಲೆ
ಮಂಗಳವಾರ, ಮಧ್ಯಾಹ್ನ 1:20

ರೈತರ ಕಡೆಯಿಂದ ಒಂದು ಮಾತು. ವಾಚ್‌ಗೆಂದೇ ಮಾಡಿದ ಆ್ಯಪ್ ಬೇಕೇ ಬೇಕು ಎಂದೇನಿಲ್ಲ. ಫೋನ್‌ನಲ್ಲಿ ಆ್ಯಪ್ ಇದ್ದು, ಅದರ ನೋಟಿಫಿಕೇಶನ್ ಕೈಗೆ ಬಂದರೂ ಅರ್ಧ ಕೆಲಸ ಆಗುತ್ತದೆ.

ನನ್ನ ಫೋನ್‌ನಲ್ಲಿ ದಾಮಿನಿ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು. ನಾವಿರುವ ಜಾಗದಿಂದ 20 ಕಿಲೋಮೀಟರ್, 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ಎಚ್ಚರಿಕೆ ಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ನಾನು ತೋಟದ ನಡುವೆ ಇರುತ್ತೇನೆ, ಫೋನ್ ಬೈಕಿನ ಚೀಲದಲ್ಲಿ ಇರುತ್ತದೆ. ಹತ್ತು ಮೀಟರ್ ಆಸುಪಾಸಿನಲ್ಲಿದ್ದರೆ ಬ್ಲೂಟೂತ್ ಸಿಗುತ್ತದೆ, ದೂರ ಹೋದರೆ ಸಿಗುವುದಿಲ್ಲ. ಅದಕ್ಕೇ ಮೋಡದ ದಿನ ಫೋನ್ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಕೈಯಲ್ಲಿ ಗುಂಯ್ ಎಂದರೆ ಆಳುಗಳನ್ನೆಲ್ಲ ಕರೆದುಕೊಂಡು ಮನೆ ಸೇರುತ್ತೇನೆ. ಮರದ ಕೆಳಗೆ ಯಾರನ್ನೂ ನಿಲ್ಲಲು ಬಿಡುವುದಿಲ್ಲ. ದಾಮಿನಿಗೆ ಲೊಕೇಶನ್ ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ಉಪಯೋಗ ಇಲ್ಲ.

ಮೇಘದೂತ್ ಕೂಡ ಇದೆ, ಹವಾಮಾನ ಇಲಾಖೆಯದು. ಮಂಗಳವಾರ, ಶುಕ್ರವಾರ ಜಿಲ್ಲೆಯ ಸಲಹೆ ಬರುತ್ತದೆ. ಅದನ್ನು ಸಾವಕಾಶ ಫೋನ್‌ನಲ್ಲೇ ಓದುತ್ತೇನೆ, ಕೈಗೆ ಬೇಕಾಗಿಲ್ಲ. ಕೈಗೆ ಬೇಕಾದದ್ದು ಮಳೆ. ವಾಚ್ ಮುಖದ ಮೂಲೆಯಲ್ಲಿ ಮಳೆಯ ಸಾಧ್ಯತೆ ಶೇಕಡಾ ಎಷ್ಟು ಎಂದು ಇಟ್ಟಿದ್ದೇನೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಹರವಿದ ಮೇಲೆ ಹದಿನೈದು ಇಪ್ಪತ್ತು ದಿನ ನಿದ್ದೆ ಇರುವುದಿಲ್ಲ. ಅಂಥ ಹೊತ್ತಲ್ಲಿ ಆ ಒಂದು ಅಂಕಿಯನ್ನು ದಿನಕ್ಕೆ ಐವತ್ತು ಸಲ ನೋಡುತ್ತೇನೆ. ತಾಡಪತ್ರಿ ಎಳೆಯಬೇಕೋ ಬೇಡವೋ ಅದರಿಂದಲೇ ತೀರ್ಮಾನ.

ಪಂಪ್‌ನ ಮೊಬೈಲ್ ಸ್ಟಾರ್ಟರ್ ತ್ರೀ ಫೇಸ್ ಕರೆಂಟ್ ಬಂದಾಗ ಕಾಲ್ ಮಾಡುತ್ತದೆ. ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ಫೋನ್ ಕೂಗಿ ಮನೆಯವರೆಲ್ಲ ಎದ್ದು ಕೂರುತ್ತಿದ್ದರು. ಈಗ ಕೈ ಮಾತ್ರ ನಡುಗುತ್ತದೆ, ನಾನೊಬ್ಬನೇ ಏಳುತ್ತೇನೆ.

ಔಷಧ ಹೊಡೆಯುವಾಗ ಮಾತ್ರ ವಾಚ್ ಕಳಚಿ ಮನೆಯಲ್ಲಿ ಇಡುತ್ತೇನೆ. ಪಟ್ಟಿಯ ಸಂದಿಯಲ್ಲಿ ಔಷಧ ಕೂತು ಚರ್ಮ ಸುಡುತ್ತದೆ.

---

ನೈಟ್ ಡ್ಯೂಟಿ ಸಿಸ್ಟರ್, ವಿಜಯಪುರ
ಮಂಗಳವಾರ, ಸಂಜೆ 5:45

ಅಕ್ಕಾರ, ನಿಮ್ಮ ಅವ್ವನ ಸಕ್ಕರೆ ಕಾಯಿಲೆ ಎಂದು ಓದಿದ ತಕ್ಷಣ ಬರೆಯಬೇಕೆನಿಸಿತು. ದಯವಿಟ್ಟು ಪೂರ್ತಿ ಓದಿ.

ವಾಚ್‌ನಿಂದ ಸಕ್ಕರೆ ಅಳೆಯುತ್ತೇವೆ ಎಂದು ಹೇಳುವ ಯಾವ ಆ್ಯಪನ್ನೂ ಹಾಕಬೇಡಿ, ಅಂಥ ವಾಚನ್ನೂ ಕೊಳ್ಳಬೇಡಿ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ವಾಚ್ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಚರ್ಮಕ್ಕೆ ಅಂಟಿಸುವ ಸೆನ್ಸರ್ ಬೇರೆ, ಅದರ ಸಣ್ಣ ತಂತಿ ಚರ್ಮದ ಒಳಗೆ ಇರುತ್ತದೆ. ಅದು ಅಳೆದದ್ದನ್ನು ವಾಚ್‌ನಲ್ಲಿ ತೋರಿಸಬಹುದು. ವಾಚ್ ತಾನೇ ಅಳೆಯಲಾರದು. ನಮ್ಮ ವಾರ್ಡಿಗೆ ಒಬ್ಬರು ಅಜ್ಜ ಬಂದಿದ್ದರು. ಸಂತೆಯಲ್ಲಿ ತಂದ ವಾಚ್ 110 ತೋರಿಸುತ್ತಿತ್ತು. ಬೆರಳು ಚುಚ್ಚಿ ನೋಡಿದರೆ 380. ಮಾತ್ರೆ ಬಿಟ್ಟು ಹನ್ನೆರಡು ದಿನ ಆಗಿತ್ತು, "ವಾಚ್ ಸರಿ ಅಂತಿದೆ" ಎಂಬ ಧೈರ್ಯದಲ್ಲಿ. ಇದನ್ನು ನಾನು ಮರೆಯಲಾರೆ.

ಬಿಪಿ ವಿಷಯವೂ ಹತ್ತಿರ ಹತ್ತಿರ ಹಾಗೇ. ನಿಮ್ಮ ವಾಚ್ ಕಂಪನಿಯ ಬಿಪಿ ಆ್ಯಪನ್ನು ತೋಳಿಗೆ ಕಟ್ಟುವ ಬಿಪಿ ಯಂತ್ರದ ಜೊತೆ 28 ದಿನಕ್ಕೊಮ್ಮೆ ತಾಳೆ ಮಾಡಬೇಕು. ಅದೂ ಆ ಕಂಪನಿಯ ಫೋನ್ ಇದ್ದರೆ ಮಾತ್ರ ನಡೆಯುತ್ತದೆ. ನಿಮ್ಮ ಫೋನ್ ಬೇರೆಯದು, ಬಿಟ್ಟುಬಿಡಿ. ಬೇರೆ ಫೋನ್‌ನಲ್ಲೂ ನಡೆಯುವಂತೆ ಮಾಡುವ ಫೈಲ್ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳಲು ಹೋಗಬೇಡಿ.

ಹಾಗಾದರೆ ವಾಚ್‌ನಿಂದ ಆರೋಗ್ಯಕ್ಕೆ ಏನು ಲಾಭ? ಮಾತ್ರೆ ನೆನಪಿಸುವುದೇ ದೊಡ್ಡ ಲಾಭ. ಅದಕ್ಕೆ ಹೊಸ ಆ್ಯಪ್ ಬೇಡ. ವಾಚ್‌ನ ಅಲಾರ್ಮ್‌ನಲ್ಲೇ ಮೂರು ಹೊತ್ತು ಹಾಕಿ. ಪ್ರತಿಯೊಂದಕ್ಕೂ ಹೆಸರು ಕೊಡಿ: "ಅವ್ವ, ಊಟಕ್ಕೆ ಮುಂಚೆ", "ಅವ್ವ, ಊಟ ಆದಮೇಲೆ". ಮಾತ್ರೆ ಕೈಗೆ ಕೊಟ್ಟು, ನುಂಗಿದ್ದು ನೋಡಿದ ಮೇಲೆಯೇ ಅಲಾರ್ಮ್ ನಿಲ್ಲಿಸಿ. ಮೊದಲೇ ನಿಲ್ಲಿಸಿ "ಇದೊಂದು ಹೊಲಿಗೆ ಮುಗಿಸಿ ಏಳುತ್ತೇನೆ" ಎಂದರೆ ಮರೆಯುತ್ತದೆ.

ಹೃದಯ ಬಡಿತವನ್ನು ವಾರಗಟ್ಟಲೆ ನೋಡುವುದಕ್ಕೂ ವಾಚ್ ಒಳ್ಳೆಯದು. ಸುಮ್ನೆ ಕೂತಾಗಿನ ಬಡಿತ ನಿಮಗೆ ಎಷ್ಟು ಎಂದು ಗೊತ್ತಿರಲಿ. ನಾನು ಗೋಲ್ ಗುಂಬಜ್‌ನ ಮೂಲೆಯ ಗೋಪುರ ಹತ್ತಿದಾಗ 148 ಆಗಿತ್ತು, ಮೇಲೆ ಸ್ವಲ್ಪ ಹೊತ್ತು ಕೂತ ಮೇಲೆ ಇಳಿಯಿತು. ಅದು ಸಹಜ. ಆದರೆ ಮನೆಯಲ್ಲಿ ಸುಮ್ನೆ ಕೂತಾಗಲೂ ದಿನಾ ಜಾಸ್ತಿ ಇದ್ದರೆ ಡಾಕ್ಟರಿಗೆ ತೋರಿಸಿ. ಅಳತೆ ಸರಿ ಬರಬೇಕೆಂದರೆ ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲೆ, ಅಲುಗಾಡದ ಹಾಗೆ ಕಟ್ಟಿ. ವಾಚ್ ಹಸಿರು ದೀಪ ಬಿಟ್ಟು ರಕ್ತದ ಹರಿವು ನೋಡುತ್ತದೆ. ಸಡಿಲ ಇದ್ದರೆ ಹೊರಗಿನ ಬೆಳಕು ಒಳಗೆ ಬಂದು ಲೆಕ್ಕ ತಪ್ಪುತ್ತದೆ.

ವಾರ್ಡಿನಲ್ಲಿ ನಾನು ವಾಚ್ ಕಟ್ಟುವುದಿಲ್ಲ, ಕೈ ಮೊಣಕೈವರೆಗೆ ತೊಳೆಯಬೇಕಾಗುತ್ತದೆ. ಹಗಲು ಮಲಗುವಾಗ ಕಟ್ಟಿಕೊಳ್ಳುತ್ತೇನೆ. ಬೆಡ್‌ಟೈಮ್ ಮೋಡ್ ಹಾಕಿದರೆ ಯಾವುದೂ ಎಬ್ಬಿಸುವುದಿಲ್ಲ, ಸಂಜೆ ಆರಕ್ಕೆ ಕೈ ನಡುಗಿ ಎಚ್ಚರ ಆಗುತ್ತದೆ. ಪಕ್ಕದಲ್ಲಿ ಮಲಗಿದ ಮಗು ಏಳುವುದಿಲ್ಲ.

---

ನವನಗರ ಟೇಲರ್, ಬಾಗಲಕೋಟೆ
ಮಂಗಳವಾರ, ರಾತ್ರಿ 9:30

ಸಿಸ್ಟರ್, ಕಣ್ಣಲ್ಲಿ ನೀರು ಬಂತು. ಆ 18ರಲ್ಲಿ ಸಕ್ಕರೆ ತೋರಿಸುವ ಒಂದು ಆ್ಯಪ್ ಇತ್ತು. ಅವ್ವನ ಕೈಗೆ ಕಟ್ಟಿ ನೋಡಿದ್ದೆ ಕೂಡ. ಇವತ್ತೇ ತೆಗೆದೆ. ಮೂರು ಅಲಾರ್ಮ್ ಹಾಕಿದೆ. ವ್ಯಾನಿಗೆ 4:10ಕ್ಕೆ ಒಂದು.

ಗಿರಾಕಿ ಸ್ಕ್ಯಾನ್ ಮಾಡಿ ದುಡ್ಡು ಹಾಕುತ್ತಾರೆ. ಅದು ಬಂದದ್ದು ಕೈಯಲ್ಲೇ ತಿಳಿಯುತ್ತದಾ? ವಾಚ್‌ನಿಂದ ದುಡ್ಡು ಕೊಡಲೂ ಬರುತ್ತದಾ?

---

ಕ್ಯಾಂಪ್ ಮೊಬೈಲ್ ರಿಪೇರಿ, ಬೆಳಗಾವಿ
ಮಂಗಳವಾರ, ರಾತ್ರಿ 10:00

ಬಂದದ್ದು ತಿಳಿಯುತ್ತದೆ. ನಿಮ್ಮ ಯುಪಿಐ ಆ್ಯಪ್‌ನ ನೋಟಿಫಿಕೇಶನ್ ಕೈಗೆ ಬಿಡಿ. ಬರೀ ಎಸ್‌ಎಂಎಸ್ ನಂಬಬೇಡಿ, ದುಡ್ಡು ಬಂತು ಎಂದು ಸುಳ್ಳು ಎಸ್‌ಎಂಎಸ್ ಕಳಿಸುವವರೂ ಇದ್ದಾರೆ. ದುಡ್ಡು ತೆಗೆದುಕೊಳ್ಳಲು ಯಾವತ್ತೂ ಪಿನ್ ಹಾಕಬೇಕಾಗಿಲ್ಲ. ಯಾರಾದರೂ ಹಾಕಿ ಎಂದರೆ ಅಲ್ಲೇ ನಿಲ್ಲಿಸಿ.

ಕೊಡುವುದಕ್ಕೆ ಫೋನೇ ಇರಲಿ. ಗೂಗಲ್ ವಾಲೆಟ್ 2024ರ ಮೇ ತಿಂಗಳಲ್ಲಿ ನಮ್ಮ ದೇಶಕ್ಕೆ ಬಂತು, ಆದರೆ ಇಲ್ಲಿ ತಂದದ್ದು ಟಿಕೆಟ್, ಪಾಸ್ ಇಡುವುದಕ್ಕೆ. ಗೂಗಲ್ ಪೇ ಬೇರೆಯೇ ಆ್ಯಪ್. ವಿದೇಶದ ವಿಡಿಯೋದಲ್ಲಿ ಕೈ ತಾಗಿಸಿ ದುಡ್ಡು ಕೊಡುವುದು ನೋಡಿ ಜನ ಕೇಳುತ್ತಾರೆ, ಅದನ್ನು ನಂಬಿ ಅದಕ್ಕಾಗಿಯೇ ವಾಚ್ ಕೊಳ್ಳಬೇಡಿ.

ಇನ್ನೊಂದು ಮುಖ್ಯ ವಿಷಯ. ವಾಚ್‌ಗೆ ಪಿನ್ ಲಾಕ್ ಹಾಕಿ. ಕೈಯಿಂದ ಕಳಚಿದ ಕೂಡಲೇ ಲಾಕ್ ಆಗುತ್ತದೆ. ಓಟಿಪಿಗಳೂ ಕೈಗೆ ಬರುತ್ತವೆ. ಬಚ್ಚಲ ಕಟ್ಟೆ ಮೇಲೆ ಬಿಟ್ಟ ವಾಚನ್ನು ಯಾರು ಬೇಕಾದರೂ ಓದುವ ಹಾಗಿರಬಾರದು.

---

ಗೋಕಾಕ ಮಾಸ್ತರ್, ಬೆಳಗಾವಿ ಜಿಲ್ಲೆ
ಬುಧವಾರ, ಸಂಜೆ 6:10

ನನಗೆ ಟೈಮರ್ ಒಂದೇ ಸಾಕು. 40 ನಿಮಿಷದ ಪಿರಿಯಡ್. 35ಕ್ಕೆ ಕೈ ನಡುಗುವ ಹಾಗೆ ಇಟ್ಟಿದ್ದೇನೆ. ಬೋರ್ಡ್ ಮೇಲೆ ಬರೆಯುತ್ತಿರುವಾಗ ಮಕ್ಕಳಿಗೆ ಗೊತ್ತಾಗದೆ ನನಗೆ ತಿಳಿಯುತ್ತದೆ, ಹೋಮ್‌ವರ್ಕ್ ಹೇಳಿ ಮುಗಿಸುತ್ತೇನೆ. ಅಕ್ಕಾರ, ನೀವು ಇಸ್ತ್ರಿ ಮಾಡುವಾಗಲೂ ಟೈಮರ್ ಉಪಯೋಗಕ್ಕೆ ಬರುತ್ತದೆ. ಆ್ಯಪ್ ತೆರೆಯುವ ಬದಲು ಅದರ ಟೈಲ್, ಅಂದರೆ ಮುಖದ ಪಕ್ಕದಲ್ಲೇ ಕೂರುವ ಪುಟ, ಇಡಿ. ಮುಖದಿಂದ ಒಂದು ಸಲ ಪಕ್ಕಕ್ಕೆ ಸರಿಸಿದರೆ ಸಿಗಬೇಕು. ಎರಡನೇ ಟೈಲ್ ದಾಟಿ ನಾನು ಯಾವತ್ತೂ ಹೋಗಿಲ್ಲ.

ಮಕ್ಕಳೇ ಯಾರಾದರೂ ಇದನ್ನು ಓದುತ್ತಿದ್ದರೆ, ಪರೀಕ್ಷೆಯ ದಿನ ವಾಚ್ ಮನೆಯಲ್ಲೇ ಬಿಟ್ಟು ಬನ್ನಿ. ಗೇಟಿನಲ್ಲಿ ಕಳಚಿಸಿಟ್ಟು ಅಳುವುದನ್ನು ನೋಡಿದ್ದೇನೆ.

---

ಟಿಳಕವಾಡಿ ಡೆಲಿವರಿ, ಬೆಳಗಾವಿ
ಬುಧವಾರ, ರಾತ್ರಿ 11:30

ಗೂಗಲ್ ಮ್ಯಾಪ್ಸ್ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಬೆಳಗಾವಿ ಮಳೆ ಗೊತ್ತಲ್ಲ, ಜುಲೈನಲ್ಲಿ ಫೋನ್ ಹೊರಗೆ ತೆಗೆಯಲು ಆಗುವುದಿಲ್ಲ. ಫೋನನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಜೇಬಿನಲ್ಲಿ ಇಟ್ಟು, ದಾರಿ ಶುರು ಮಾಡಿ ಹೊರಡುತ್ತೇನೆ. ತಿರುವು ಬರುವ ಮುಂಚೆ ಕೈ ನಡುಗುತ್ತದೆ. ಎಡವೋ ಬಲವೋ ಬಾಣ ಕಾಣುತ್ತದೆ. ಗಾಡಿ ಓಡಿಸುವಾಗ ಅದಕ್ಕಿಂತ ಜಾಸ್ತಿ ನೋಡಬಾರದು. ಮೆಸೇಜ್ ಬಂದರೂ ನೋಡುವುದಿಲ್ಲ. ಪರದೆ ಮೇಲೆ ಮಳೆ ಹನಿ ಬಿದ್ದರೆ ತಾನೇ ಏನೇನೋ ಒತ್ತಿಕೊಳ್ಳುತ್ತದೆ, ಪರದೆಯ ಸ್ಪರ್ಶ ನಿಲ್ಲಿಸುವ ವಾಟರ್ ಲಾಕ್ ಹಾಕಿ.

---

ವ್ಯಾಕ್ಸಿನ್ ಡಿಪೋ ವಾಕರ್, ಬೆಳಗಾವಿ
ಗುರುವಾರ, ಬೆಳಿಗ್ಗೆ 7:50

ನನಗೆ 68 ವರ್ಷ. ದಿನಾ ಬೆಳಿಗ್ಗೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ನಡೆಯುತ್ತೇನೆ. ಮಗ ಆಪಲ್ ವಾಚ್ ಕೊಡಿಸಿದ್ದಾನೆ. ಹೆಜ್ಜೆ ಲೆಕ್ಕಕ್ಕಿಂತ ನನಗೆ ಬೇಕಾದದ್ದು ಬಿದ್ದರೆ ತಿಳಿಸುವ ಸೌಲಭ್ಯ. 2018ರಲ್ಲಿ ಬಂದದ್ದು. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ನಂಬರಿಗೆ ತಾನೇ ಕಾಲ್ ಮಾಡುತ್ತದೆ, ನಮ್ಮಲ್ಲಿ ಅದು 112. ಆಮೇಲೆ ಮಗನಿಗೂ ಮೆಸೇಜ್ ಹೋಗುತ್ತದೆ. ವಾಚ್‌ನಲ್ಲಿ ವಯಸ್ಸು 55 ದಾಟಿದ್ದು ಎಂದು ಬರೆದಿದ್ದರೆ ತಾನೇ ಆನ್ ಇರುತ್ತದೆ. ಬೇರೆ ಕಂಪನಿಯ ವಾಚ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕಾಗಬಹುದು.

ನನ್ನದು ಸಿಮ್ ಇಲ್ಲದ ವಾಚ್. ಒಂದು ದಿನ ಫೋನ್ ಮನೆಯಲ್ಲಿ ಬಿಟ್ಟು ಬಂದಿದ್ದೆ. ಗೆಳೆಯರೊಬ್ಬರು "ಈಗ ಬಿದ್ದರೆ ಅದು ಹೇಗೆ ಕಾಲ್ ಮಾಡುತ್ತದೆ?" ಎಂದು ಕೇಳಿದರು. ಅವರು ಕೇಳಿದ್ದು ಸರಿ. ಅಂದಿನಿಂದ ಫೋನ್ ಜೇಬಿನಲ್ಲೇ ಇರುತ್ತದೆ. ವಯಸ್ಸಾದವರಿಗೆ ವಾಚ್ ಕೊಡಿಸುವ ಮಕ್ಕಳು ಈ ಒಂದು ಮಾತು ಬಿಡಿಸಿ ಹೇಳಬೇಕು.

---

ವಿದ್ಯಾಗಿರಿ ಸ್ಟೂಡೆಂಟ್, ಬಾಗಲಕೋಟೆ
ಗುರುವಾರ, ರಾತ್ರಿ 9:15

ಕಾಕಾ ಬರೆದದ್ದು ಓದಿ ನಮ್ಮ ಅಜ್ಜನ ವಾಚ್ ತೆಗೆದು ನೋಡಿದೆ. ಆ ಸೆಟ್ಟಿಂಗ್ ಆಫ್ ಇತ್ತು. ಆನ್ ಮಾಡಿ, ತುರ್ತು ನಂಬರಿಗೆ ಅಪ್ಪನದು ಹಾಕಿದೆ.

ಅಕ್ಕಾರ, ವಾಟ್ಸಾಪ್ ನೋಟಿಫಿಕೇಶನ್ ಮಾತ್ರ ಅಲ್ಲ, 2023ರಿಂದ ವೇರ್ ಓಎಸ್‌ಗೆಂದೇ ವಾಟ್ಸಾಪ್ ಇದೆ. ವಾಚ್‌ನಲ್ಲಿ ಎಂಟು ಅಕ್ಷರದ ಕೋಡ್ ಬರುತ್ತದೆ, ಅದನ್ನು ಫೋನ್‌ನಲ್ಲಿ ಹಾಕಿದರೆ ಜೋಡಣೆ ಆಗುತ್ತದೆ. ಟೈಪ್ ಮಾಡಬೇಕಾಗಿಲ್ಲ. ಕೈಯನ್ನು ಬಾಯಿ ಹತ್ತಿರ ತಂದು ಮಾತಾಡಿದರೆ ದನಿಯೇ ಹೋಗುತ್ತದೆ. "ನಾಳೆ ಸಂಜೆ ಬರ್ರೀ, ರೆಡಿ ಇರುತ್ತದೆ" ಎಂದು ಕನ್ನಡದಲ್ಲೇ ಹೇಳಿ ಕಳಿಸಿ.

---

ನವನಗರ ಟೇಲರ್, ಬಾಗಲಕೋಟೆ
ಮೂರು ವಾರದ ಮೇಲೆ, ಭಾನುವಾರ, ಮಧ್ಯಾಹ್ನ 3:00

ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸಿ, ಮದುವೆ ಸೀಸನ್. ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡಿ ನೋಡಿದೆ. ಹೇಗಾಯಿತು ಎಂದು ತಿಳಿಸಬೇಕಲ್ಲ.

18ರಲ್ಲಿ 15 ತೆಗೆದೆ. ಸದಾ ಉರಿಯುವ ಪರದೆ ನಿಲ್ಲಿಸಿದೆ. ನವಿಲು ಕುಣಿಯುವ ಒಂದು ಮುಖ ಹಾಕಿದ್ದೆ, ಅದನ್ನೂ ತೆಗೆದೆ. ಈಗ ಬೆಳಿಗ್ಗೆ ಚಾರ್ಜ್ ಮಾಡಿದರೆ ಮರುದಿನ ಬೆಳಿಗ್ಗೆವರೆಗೆ ಬರುತ್ತದೆ. ಸ್ನಾನ, ಪೂಜೆ ಮುಗಿಸುವಷ್ಟರಲ್ಲಿ ಚಾರ್ಜ್ ಆಗಿರುತ್ತದೆ.

ಅವ್ವನ ಮಾತ್ರೆ ಈ ಮೂರು ವಾರದಲ್ಲಿ ಒಂದು ಹೊತ್ತೂ ತಪ್ಪಿಲ್ಲ. ಈಗ ನನ್ನ ಕೈ ನಡುಗಿದರೆ ಅವ್ವನೇ "ನನ್ನದು ಬಂತು" ಎಂದು ನೀರು ತರುತ್ತಾಳೆ. ವ್ಯಾನಿಗೂ ತಡ ಆಗಿಲ್ಲ. ಫೋನ್ ಹುಡುಕುವ ಬಟನ್ ದಿನಕ್ಕೆ ನಾಲ್ಕು ಸಲ ಒತ್ತುತ್ತೇನೆ. ಪೇಟೆಗೆ ಹೋಗುವಾಗ ಗೂಗಲ್ ಕೀಪ್‌ನಲ್ಲಿ ಪಟ್ಟಿ ಬರೆದಿಟ್ಟುಕೊಳ್ಳುತ್ತೇನೆ: ಲೈನಿಂಗ್, ಹುಕ್ಕು, ಫಾಲ್, ಯಾವ ಬಣ್ಣದ ದಾರ. ಅಂಗಡಿಯಲ್ಲಿ ಕೈ ನೋಡಿ ಒಂದೊಂದೇ ಟಿಕ್ ಮಾಡುತ್ತೇನೆ.

ಆದರೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾರೂ ಹೇಳದ ಆ್ಯಪ್. ವಾಚ್‌ನಲ್ಲಿ ವಾಯ್ಸ್ ರೆಕಾರ್ಡರ್ ಇದೆ. ಅಳತೆ ತೆಗೆದುಕೊಳ್ಳುವಾಗ ಎರಡೂ ಕೈಯಲ್ಲಿ ಟೇಪ್ ಇರುತ್ತದೆ. ಮೊದಲು ಒಂದು ಅಳತೆ, ಆಮೇಲೆ ಟೇಪ್ ಬಿಟ್ಟು ಪೆನ್ನು, ಮತ್ತೆ ಟೇಪ್. ನಡುವೆ ಗಿರಾಕಿ ಮಾತಾಡಿಸಿದರೆ ಅಂಕಿಯೇ ಮರೆತುಹೋಗುತ್ತಿತ್ತು. ಈಗ ರೆಕಾರ್ಡ್ ಒತ್ತಿ, ಮೊದಲು ಗಿರಾಕಿಯ ಹೆಸರು ಹೇಳಿ, ಆಮೇಲೆ ಟೇಪ್ ಹಿಡಿದು ಹೇಳುತ್ತಾ ಹೋಗುತ್ತೇನೆ. ಎದೆ ಮೂವತ್ತಾರು, ಭುಜ ಹದಿನಾಲ್ಕು, ತೋಳು ಹತ್ತೂವರೆ, ಬೆನ್ನಿನ ಕಟ್ ಒಂಬತ್ತು. ರಾತ್ರಿ ವಾಚ್‌ನಲ್ಲೇ ಕೇಳಿ ಪುಸ್ತಕದಲ್ಲಿ ಬರೆದು, ರೆಕಾರ್ಡಿಂಗ್ ಅಳಿಸುತ್ತೇನೆ. ಹೋದ ವಾರ ಒಂದೇ ಮದುವೆ ಮನೆಯ 11 ಹೆಣ್ಣುಮಕ್ಕಳ ಅಳತೆ ಒಂದು ಗಂಟೆಯಲ್ಲಿ ಮುಗಿಯಿತು. ಒಂದು ಬ್ಲೌಸೂ ಬಿಚ್ಚಿ ಮತ್ತೆ ಹೊಲಿಯಬೇಕಾಗಲಿಲ್ಲ.

ಒಂದು ತೊಂದರೆ ಉಳಿದಿದೆ. ರಬ್ಬರ್ ಪಟ್ಟಿಗೆ ದಾರದ ಎಳೆ, ಬಟ್ಟೆಯ ಜೂಲು ಅಂಟಿಕೊಳ್ಳುತ್ತದೆ. ಬೆವರಿಗೆ ತುರಿಕೆ ಕೂಡ.

---

ನೈಟ್ ಡ್ಯೂಟಿ ಸಿಸ್ಟರ್, ವಿಜಯಪುರ
ಭಾನುವಾರ, ಮಧ್ಯಾಹ್ನ 3:40

ಅವ್ವನ ವಿಷಯ ಕೇಳಿ ಬಹಳ ಸಂತೋಷ ಆಯಿತು. ತುರಿಕೆಗೆ ಎರಡು ದಿನ ಆ ಕೈಗೆ ಕಟ್ಟಬೇಡಿ. ದಿನಾ ಕಳಚಿ ತೊಳೆದು, ಪೂರ್ತಿ ಒಣಗಿಸಿ ಕಟ್ಟಿ. ಪಟ್ಟಿಯ ಅಡಿಯಲ್ಲಿ ಸೋಪು ಉಳಿದರೆ ಜಾಸ್ತಿ ಆಗುತ್ತದೆ. ಬಟ್ಟೆಯ ಪಟ್ಟಿ ಆದರೂ ನಡೆಯುತ್ತದೆ, ಅಳೆಯುವ ದೀಪ ಇರುವುದು ವಾಚ್‌ನ ಹೊಟ್ಟೆಯಲ್ಲಿ.

---

ಕ್ಯಾಂಪ್ ಮೊಬೈಲ್ ರಿಪೇರಿ, ಬೆಳಗಾವಿ
ಭಾನುವಾರ, ಸಂಜೆ 4:20

ನಿಮ್ಮ ವಾಚ್‌ಗೆ 20 ಮಿಲಿಮೀಟರ್ ಪಟ್ಟಿ ಕೂರಬೇಕು, ಆದರೂ ಒಮ್ಮೆ ಅಳೆದು ನೋಡಿ. ಪಕ್ಕದ ಸಣ್ಣ ಪಿನ್ ಉಗುರಿನಿಂದ ಎಳೆದರೆ ಬಿಚ್ಚುತ್ತದೆ. ಅಳತೆಯ ರೆಕಾರ್ಡಿಂಗ್ ಐಡಿಯಾ ನಾಳೆಯಿಂದ ಅಂಗಡಿಗೆ ಬರುವ ಟೇಲರ್‌ಗಳಿಗೆಲ್ಲ ಹೇಳುತ್ತೇನೆ.

---

ನವನಗರ ಟೇಲರ್, ಬಾಗಲಕೋಟೆ
ಬುಧವಾರ, ರಾತ್ರಿ 10:10

ಅಳೆದೆ, 20 ಇದೆ. ಗುಳೇದಗುಡ್ಡದ ಖಣದ ತುಂಡು ಮನೆಯಲ್ಲೇ ಇತ್ತು, ಕಡುಕೆಂಪು, ಹಸಿರು ಅಂಚಿನದು. ಒಳಗೆ ಹತ್ತಿ ಲೈನಿಂಗ್ ಕೊಟ್ಟು, ಎರಡು ಸಾಲು ಹೊಲಿಗೆ ಹಾಕಿ ಪಟ್ಟಿ ಮಾಡಿದೆ. ಹಳೆಯ ಪಟ್ಟಿಯ ಪಿನ್ನನ್ನೇ ಕುಣಿಕೆಯಲ್ಲಿ ತೂರಿಸಿದೆ. ಎರಡು ದಿನ ಆಯಿತು, ತುರಿಕೆ ಇಲ್ಲ, ಹೃದಯ ಬಡಿತವೂ ಸರಿಯಾಗಿ ತೋರಿಸುತ್ತಿದೆ. ಮಗಳಿಗೆ ಫೋಟೋ ಕಳಿಸಿದೆ, ತನಗೂ ಒಂದು ಬೇಕಂತೆ.

---

ಬನಹಟ್ಟಿ ಮಗ್ಗ, ಬಾಗಲಕೋಟೆ ಜಿಲ್ಲೆ
ಬುಧವಾರ, ರಾತ್ರಿ 10:35

ಅಕ್ಕಾರ, ನನ್ನ ವಾಚ್‌ಗೂ ಒಂದು ಹೊಲಿದು ಕೊಡಿ. ನನ್ನದು 22. ಬಟ್ಟೆ ನಾನೇ ನೇಯ್ದು ಕಳಿಸುತ್ತೇನೆ.

---

ನವನಗರ ಟೇಲರ್, ಬಾಗಲಕೋಟೆ
ಬುಧವಾರ, ರಾತ್ರಿ 10:40

ಕಳಿಸಿ ಅಣ್ಣಾರ. ಮಣಿಕಟ್ಟಿನ ಸುತ್ತಳತೆ ಎಷ್ಟು ಎಂದು ಕೂಡ ಹೇಳಿ, ರೆಕಾರ್ಡ್ ಮಾಡಿಕೊಳ್ಳುತ್ತೇನೆ.